ಶುಕ್ರವಾರದ ಪುಟ ಮತ್ತು ಎಕ್ಸ್‌ಚೇಂಜ್ ಅಕ್ಕ

ನಾನು ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸಕ್ಕೆ ಸೇರಿದ ದಿನವೇ ಪಕ್ಕದ ಮೇಜಿನವರು ಒಂದು ಬುದ್ಧಿಮಾತು ಹೇಳಿದರು. "ಶುಕ್ರವಾರ ಸಾರ್ ಪುಟದಲ್ಲಿ ಒಂದು ಕಾಮಾ ಕೂಡ ಅಲ್ಲಾಡಿಸಬೇಡಿ. ಏನಾದ್ರೂ ಕೇಳೋದಿದ್ರೆ ಚೀಟಿ ಬರೆದಿಡಿ. ಬಾಯಲ್ಲಿ ಕೇಳಿದ್ರೆ ಉತ್ತರಾನೇ ಕೊಡಲ್ಲ. ಸ್ವಲ್ಪ ಧಿಮಾಕಿನ ಮನುಷ್ಯ."

ಶುಕ್ರವಾರ ಸಾರ್ ಎಂಬುದು ಕಚೇರಿಯವರು ಇಟ್ಟ ಹೆಸರು. ಶುಕ್ರವಾರದ ಪುರವಣಿಯ ಕೊನೆಯ ಪುಟ ಅವರದು. 'ಈ ವಾರ ಹೊಸದು' ಎಂಬ ತಲೆಬರಹ, ಕೆಳಗೆ ನಾಲ್ಕು ಚೌಕ: ಟಿ.ವಿ., ಸಂಗೀತ, ಕಾಮಿಕ್ಸ್, ಸಿನಿಮಾ. ಯಾವ ಧಾರಾವಾಹಿ ಶುರುವಾಗುತ್ತಿದೆ, ಯಾವ ಹಾಡಿನ ಸಿ.ಡಿ. ಅಂಗಡಿಗೆ ಬಂದಿದೆ, ಯಾವ ಕಾಮಿಕ್ಸಿನ ಹೊಸ ಸಂಚಿಕೆ ಹೊರಬಿದ್ದಿದೆ, ಯಾವ ಚಿತ್ರ ತೆರೆ ಕಾಣುತ್ತಿದೆ ಎಂದು ಹೇಳಿ, ನೋಡಬಹುದೋ ಬಿಡಬಹುದೋ ಎಂಬ ಒಂದು ಮಾತು ಸೇರಿಸುವುದು. ಇಪ್ಪತ್ತಾರು ವರ್ಷ ಅವರು ಮಾಡಿದ ಕೆಲಸ ಇಷ್ಟೇ. ಸೋಮವಾರ ಅಂಚೆಯಲ್ಲಿ ದಪ್ಪ ಲಕೋಟೆಗಳು ಬರುತ್ತಿದ್ದವು. ಮಂಗಳವಾರ ಬೆಳಿಗ್ಗೆ ಪತ್ರಕರ್ತರಿಗೆಂದು ಸಿನಿಮಾ ತೋರಿಸುತ್ತಿದ್ದರು. ಬುಧವಾರ ಬರವಣಿಗೆ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಪುಟ ಅಚ್ಚಿಗೆ ಹೋಗಬೇಕು. ಅವರ ಪುಟ ಒಂದು ದಿನವೂ ತಡವಾದದ್ದನ್ನು ನಾನು ಕಾಣೆ.

ಕುಳ್ಳಗೆ, ಕಟ್ಟುಮಸ್ತಾಗಿ, ಯಾವಾಗಲೂ ತೋಳು ಮಡಿಸಿದ ಅಂಗಿಯಲ್ಲಿ ಇರುತ್ತಿದ್ದರು. ಮೇಜನ್ನು ಗೋಡೆಯ ಮೂಲೆಗೆ ತಳ್ಳಿ, ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಅವರ ಫೋನಿನ ರಿಸೀವರನ್ನು ಸದಾ ತೆಗೆದು ಪಕ್ಕಕ್ಕಿಟ್ಟಿರುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ತಲೆಯೆತ್ತಿ ಮುಖವನ್ನೇ ದಿಟ್ಟಿಸಿ ನೋಡುವರು. ಹೊಸಬರಿಗೆ ಕಸಿವಿಸಿಯಾಗುತ್ತಿತ್ತು. ನಾನೂ ಮೊದಲು ಅದನ್ನು ಧಿಮಾಕು ಎಂದೇ ತಿಳಿದಿದ್ದೆ.

ನಿಜ ಏನೆಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅವರೇ ಹೇಳಿದ್ದನ್ನು, ನಾನು ಕಂಡದ್ದನ್ನು ಸೇರಿಸಿ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಐವತ್ತರ ಹತ್ತಿರ ಅವರಿಗೆ ಎಡಗಿವಿ ಮಂದವಾಯಿತು. ಹುಡುಗನಾಗಿದ್ದಾಗ ಅಚ್ಚಿನ ಯಂತ್ರದ ಪಕ್ಕದಲ್ಲೇ ಒಂಬತ್ತು ವರ್ಷ ಕೆಲಸ ಮಾಡಿದ್ದರ ಫಲವಿರಬಹುದು. ಮನೆಯ ಹತ್ತಿರದ ಡಾಕ್ಟರು ಟಾರ್ಚ್ ಹಾಕಿ ನೋಡಿ, "ನರ ಒಣಗಿದೆ, ಇನ್ನೇನೂ ಮಾಡೋಕಾಗಲ್ಲ," ಎಂದು ಕೈ ಚೆಲ್ಲಿದರು. ಎರಡು ವರ್ಷದಲ್ಲಿ ಬಲಗಿವಿಯೂ ಅದೇ ದಾರಿ ಹಿಡಿಯಿತು. ಆಗ ಕಚೇರಿಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದ ಕಾಲ. ಹಾಡಿನ ಬಗ್ಗೆ, ಸಿನಿಮಾದ ಬಗ್ಗೆ ಬರೆಯುವವನಿಗೆ ಕಿವಿಯಿಲ್ಲ ಎಂದರೆ ಯಾರು ಇಟ್ಟುಕೊಳ್ಳುತ್ತಾರೆ? ಸಾರ್ ಬಾಯಿ ಮುಚ್ಚಿಕೊಂಡರು. ತುಟಿ ನೋಡಿ ಮಾತು ತಿಳಿಯುವುದನ್ನು ತಾವಾಗಿಯೇ ಕಲಿತರು. ಅರ್ಥವಾಗದಿದ್ದರೆ, "ಮರೆತುಹೋಗುತ್ತೆ, ಬರೆದುಕೊಡಿ," ಎನ್ನುವರು.

ಮನೆಯಲ್ಲಿ ಹೇಳಿದ್ದು ಹೆಂಡತಿಗೆ ಮಾತ್ರ. ಮಕ್ಕಳಿರಲಿಲ್ಲ.

ಆಕೆಯನ್ನು ಬೀದಿಯವರೆಲ್ಲ ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೆಂಟು ವರ್ಷ ಕೂತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಊರಿನವರ ದನಿಗಳನ್ನು ಒಂದಕ್ಕೊಂದು ಜೋಡಿಸಿದವರು. ಎಲ್ಲ ತನ್ನಷ್ಟಕ್ಕೆ ಜೋಡಣೆಯಾಗುವ ಯಂತ್ರ ಬಂದ ಮೇಲೆ ಮನೆಗೆ ಕಳಿಸಿದ್ದರು. 'ಹಲೋ' ಅಂದ ಒಂದೇ ಮಾತಿಗೆ ಆ ಮನುಷ್ಯ ಸುಳ್ಳು ಹೇಳಲು ಹೊರಟಿದ್ದಾನೋ ಅಳಲು ಹೊರಟಿದ್ದಾನೋ ತಿಳಿಯುತ್ತಿತ್ತು ಎಂದು ಹೇಳಿಕೊಂಡು ನಗುವರು. ಸಂಗೀತ ಕಲಿತವರಲ್ಲ. ತಾಳದ ಹೆಸರು, ಸ್ವರದ ಹೆಸರು ಒಂದೂ ಬಾರದು.

ಗಂಡನ ಕಿವಿ ಪೂರ್ತಿ ಹೋದ ಮೇಲಿನ ಮೊದಲ ಸೋಮವಾರ ಐದು ಸಿ.ಡಿ.ಗಳು ಬಂದಿದ್ದವು. ಸಾರ್ ಅವನ್ನು ಊಟದ ಮೇಜಿನ ಮೇಲೆ ಹರವಿ ಸುಮ್ಮನೆ ಕೂತಿದ್ದರಂತೆ. ಅಕ್ಕ ಒಂದನ್ನು ತೆಗೆದು ಹಾಕಿದರು, ಪೂರ್ತಿ ಕೇಳಿದರು, ಆಮೇಲೆ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಹೇಳ್ತೀನಿ, ಬರ್ಕೊಳ್ರೀ."

"ನಿಂಗೇನು ಗೊತ್ತೇ ಸಂಗೀತ?"

"ನಿಮಗೆ ಗೊತ್ತಿದ್ದು ಏನಾಯ್ತು ಈಗ? ಬರ್ಕೊಳ್ಳಿ. ಈ ಹುಡುಗಿ ಬಾಗಿಲು ಹಾಕ್ಕೊಂಡು ಹಾಡ್ತಾಳೆ. ಯಾರಾದ್ರೂ ಕೇಳಿಸ್ಕೊಂಡ್ರೆ ಅಂತ ಭಯ ಇದೆ. ಕೊನೇ ಹಾಡಲ್ಲಿ ಮಾತ್ರ ಬಾಗಿಲು ತೆಗೀತಾಳೆ. ಅಷ್ಟರಲ್ಲಿ ಡ್ರಮ್ ಬಾರಿಸೋನಿಗೆ ಬಸ್ಸಿಗೆ ಹೊತ್ತಾಗಿದೆ."

ಸಾರ್ ಅದನ್ನೇ ಬರೆದರು. ಸ್ವಲ್ಪ ಒಪ್ಪ ಮಾಡಿದರು ಅಷ್ಟೇ. ಶುಕ್ರವಾರ ಅಚ್ಚಾಯಿತು. ಮುಂದಿನ ವಾರ ಓದುಗರಿಂದ ಮೂರು ಪತ್ರ ಬಂದವು. ಅದುವರೆಗೆ ಆ ಪುಟಕ್ಕೆ ಬರುತ್ತಿದ್ದ ಪತ್ರಗಳೆಲ್ಲ ಸಿನಿಮಾದ ವೇಳೆ ತಪ್ಪಾಗಿದೆ ಎಂಬ ದೂರುಗಳು.

ಅಲ್ಲಿಂದ ಮುಂದೆ ಸಂಗೀತದ ಚೌಕ ಅಕ್ಕನದು. ದಿನವೂ ಬೆಳಿಗ್ಗೆ, ಅಡುಗೆಮನೆಯ ಕಿಟಕಿಯ ಬೆಳಕು ಅಕ್ಕನ ಮುಖದ ಮೇಲೆ ಬೀಳುವಂತೆ ಕೂತು ಈ ಕೆಲಸ ನಡೆಯುತ್ತಿತ್ತು. ಹಾಡು ಓಡುತ್ತಿರುವಾಗ ಅಕ್ಕ ಗಂಡನ ಮುಂಗೈ ಮೇಲೆ ಬೆರಳಲ್ಲಿ ತಟ್ಟಿ ಅದರ ನಡಿಗೆ ತೋರಿಸುವರು. ಮುಗಿದ ಮೇಲೆ ಬಾಯಲ್ಲಿ ವಿವರ. ಒಬ್ಬ ದೊಡ್ಡ ಗಾಯಕರ ಬಗ್ಗೆ, "ಇವರು ಹಾಡ್ತಾ ಹಾಡ್ತಾ ಮಧ್ಯೆ ಕನ್ನಡಿ ನೋಡ್ಕೋತಾರೆ," ಎಂದಿದ್ದರು. ಅದು ಹಾಗೇ ಅಚ್ಚಾಗಿ ಆ ಗಾಯಕರು ಸಂಪಾದಕರಿಗೆ ಸಿಟ್ಟಿನ ಪತ್ರ ಬರೆದರು. ಸಂಪಾದಕರು ಅದನ್ನು ಎಲ್ಲರಿಗೂ ಓದಿ ಹೇಳಿ ನಕ್ಕರು. "ನಮ್ಮ ಶುಕ್ರವಾರಕ್ಕೆ ಈ ವಯಸ್ಸಲ್ಲಿ ಕಿವಿ ಚುರುಕಾಗಿದೆ ಕಣ್ರೀ," ಎಂದರು. ಸಾರ್ ಆಗ ಮುಖ ಬೇರೆ ಕಡೆ ತಿರುಗಿಸಿದ್ದರು. ಆ ಮಾತು ಅವರಿಗೆ ಮುಟ್ಟಲೇ ಇಲ್ಲ.

ಸಿನಿಮಾಗೂ ಇಬ್ಬರೂ ಒಟ್ಟಿಗೆ ಹೋಗುವರು. ಅಕ್ಕ ಬಲಗಡೆ ಕೂತು ಗಂಡನ ಮಣಿಕಟ್ಟು ಹಿಡಿದು ಹಾಡಿನ ನಡಿಗೆ ತಟ್ಟುವರು. ಚಿತ್ರಮಂದಿರದ ಟಿಕೆಟ್ ಹರಿಯುವವರು, "ಈ ವಯಸ್ಸಲ್ಲೂ ಕೈ ಕೈ ಹಿಡ್ಕೊಂಡು ಬರ್ತಾರೆ ನೋಡಿ," ಎಂದು ತಮಾಷೆ ಮಾಡುತ್ತಿದ್ದರಂತೆ. ಕತ್ತಲಲ್ಲಿ ತುಟಿ ಕಾಣುವುದಿಲ್ಲವಲ್ಲ, ಮಾತುಗಳೆಲ್ಲ ಮನೆಗೆ ಬಂದ ಮೇಲೆ. ಅಕ್ಕ ನಾಯಕನ ಮಾತು ನಾಯಕಿಯ ಮಾತು ಎರಡನ್ನೂ ಆಡಿ ತೋರಿಸುವರು. ಸಾರ್ ಹೇಳುತ್ತಿದ್ದರು, ಎಷ್ಟೋ ಚಿತ್ರ ಪರದೆಗಿಂತ ಅಡುಗೆಮನೆಯಲ್ಲೇ ಚೆನ್ನಾಗಿತ್ತು ಎಂದು.

ಕಾಮಿಕ್ಸ್ ಒಂದು ಮಾತ್ರ ಪೂರ್ತಿ ಸಾರ್ ಅವರದು. ಅದರಲ್ಲಿ ಎಲ್ಲರೂ ಗುಳ್ಳೆಯೊಳಗೆ ಮಾತಾಡುತ್ತಾರೆ. ಬಾಗಿಲು ಬಡಿದರೆ 'ಧಡ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಗಾಜು ಒಡೆದರೆ 'ಫಳಾರ್'. "ಜಗತ್ತಲ್ಲಿ ನಂಗೆ ಕೇಳಿಸ್ತಿದ್ದ ಗಲಾಟೆ ಅಂದ್ರೆ ಅದೊಂದೇ," ಎಂದು ಆಮೇಲೆ ನನಗೆ ಹೇಳಿದರು. ಮಕ್ಕಳ ಸಂಚಿಕೆಯನ್ನೂ ಬಿಡದೆ, ಪೆನ್ಸಿಲ್ ಹಿಡಿದು, ಒಂದೊಂದು ಚೌಕಟ್ಟನ್ನೂ ನೋಡುತ್ತಿದ್ದರು.

ನಾಲ್ಕನೆಯ ವರ್ಷದ ಕೊನೆಗೆ ಅಕ್ಕನ ದನಿ ಒಡೆಯಲು ಶುರುವಾಯಿತು.

ಮೊದಲು ಗಂಟಲು ಕಟ್ಟಿದಂತೆ. ನೆಗಡಿ ಇರಬೇಕೆಂದು ಅಕ್ಕ ಬಿಸಿನೀರು ಕುಡಿದರು. ತಿಂಗಳಾಯಿತು, ಎರಡು ತಿಂಗಳಾಯಿತು, ಹೋಗಲಿಲ್ಲ. ಮೊದಲಿಂದಲೂ ಬೇರೆಯವರ ಜೊತೆ ಹೆಚ್ಚು ಮಾತಾಡುವ ಹೆಂಗಸಲ್ಲ ಆಕೆ. ಎಕ್ಸ್‌ಚೇಂಜಿನಲ್ಲಿ ಒಂದು ಜನ್ಮಕ್ಕಾಗುವಷ್ಟು ಮಾತು ಕೇಳಿಯಾಗಿದೆ ಎನ್ನುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಗಂಟೆ ಅವರು ಮಾತಾಡುತ್ತಿದ್ದುದು ಗಂಡನ ಎದುರು. ಗಂಡ ತುಟಿ ನೋಡುತ್ತಿದ್ದರು. ತುಟಿಗಳಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಆರನೆಯ ತಿಂಗಳು ಕೆಳಗಿನ ಮನೆಯ ಟೈಲರ್ ಹೆಂಗಸು ಮೆಟ್ಟಿಲಲ್ಲಿ ಎದುರಾದಾಗ ಅಕ್ಕ ಏನೋ ಕೇಳಿದರು. ಟೈಲರ್ ಬೆಚ್ಚಿಬಿದ್ದರು.

"ಏನಕ್ಕಾ ಇದು ನಿಮ್ಮ ದನಿ? ಗರಗಸ ಎಳೆದ ಹಾಗಿದೆ! ಎಷ್ಟು ದಿನದಿಂದ?"

"ನೆಗಡಿ ಕಣಮ್ಮಾ."

"ಯಾವ ನೆಗಡಿ? ಸಾರ್ ಏನೂ ಅನ್ನಲಿಲ್ವಾ? ಒಂದೇ ಮನೇಲಿದ್ದು!"

ಅಕ್ಕ ಮಾತು ಹಾರಿಸಿ ಮೇಲೆ ಬಂದರು. ಆ ಟೈಲರ್ ಬಿಡುವವರಲ್ಲ. ಅಳತೆಯ ಟೇಪು ಕುತ್ತಿಗೆಯಲ್ಲಿದ್ದಂತೆಯೇ ಹಿಂದೆಯೇ ಹತ್ತಿ ಬಂದು ಸಾರ್ ಎದುರು ನಿಂತು ಜೋರು ಮಾಡಿದರು. ಸಾರ್ ಅವರ ತುಟಿಯಿಂದ 'ದನಿ', 'ಗರಗಸ', 'ಡಾಕ್ಟರು' ಎಂಬ ಮೂರು ಪದ ಹಿಡಿದರು. ಹೆಂಡತಿಯ ಕಡೆ ತಿರುಗಿದರು. ಅಕ್ಕ ತಲೆ ತಗ್ಗಿಸಿದ್ದರಿಂದ ಬಾಯಿ ಕಾಣಿಸಲಿಲ್ಲ.

ಮರುದಿನ ದೊಡ್ಡ ಆಸ್ಪತ್ರೆಗೆ ಹೋದರು. ಗಂಟಲ ಡಾಕ್ಟರು ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಕ್ಕನನ್ನು ಹೊರಗೆ ಕೂರಿಸಿ ಸಾರ್ ಒಬ್ಬರನ್ನೇ ಒಳಗೆ ಕರೆದರು.

"ಈ ದನಿ ಯಾವಾಗಿಂದ ಹೀಗಿದೆ?"

ಸಾರ್ ಡಾಕ್ಟರ ತುಟಿಯನ್ನೇ ನೋಡುತ್ತಿದ್ದರು.

"ನಿಮ್ಮನ್ನೇ ಕೇಳ್ತಿರೋದು. ಒಂದು ತಿಂಗಳಾ? ಮೂರಾ? ಮನೇಲಿರೋರು ನೀವೇ ತಾನೇ? ದಿನಾ ಕೇಳಿಸ್ಕೋತಿರೋರು ನೀವೇ ತಾನೇ?"

"ನಂಗೆ ಗೊತ್ತಾಗ್ಲಿಲ್ಲ," ಎಂದರು ಸಾರ್.

ಡಾಕ್ಟರು ಇನ್ನೇನೂ ಕೇಳದೆ ಕಾಗದದ ಮೇಲೆ ಬರೆಯತೊಡಗಿದರಂತೆ. ಅವರು ನನ್ನನ್ನು ಎಂಥ ಗಂಡ ಎಂದುಕೊಂಡಿರಬೇಕು ಎಂಬುದನ್ನು ಅವರ ಪೆನ್ನು ನೋಡಿಯೇ ತಿಳಿದುಕೊಂಡೆ ಎಂದು ಸಾರ್ ನನಗೆ ಹೇಳಿದರು. ಆಗಲಾದರೂ 'ನನಗೆ ಕಿವಿ ಕೇಳಿಸುವುದಿಲ್ಲ' ಎನ್ನಬಹುದಿತ್ತು. ಅನ್ನಲಿಲ್ಲ. ಅದು ನೆಪದಂತೆ ಕಾಣುತ್ತದೆ ಎನಿಸಿತು.

ಗಂಟಲಿನ ಕ್ಯಾನ್ಸರ್. ಮೊದಲ ಒಂದೆರಡು ತಿಂಗಳಲ್ಲೇ ಬಂದಿದ್ದರೆ ಸುಲಭವಿತ್ತು ಎಂದರು. ಈಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು.

ತೆಗೆದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ನಾನು ನೋಡಲು ಹೋದದ್ದು ಆಗ. ಕಚೇರಿಯಿಂದ ಯಾರಾದರೂ ಹೋಗಬೇಕಿತ್ತು, ಬೇರೆ ಯಾರೂ ಮುಂದೆ ಬರಲಿಲ್ಲ. ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಬಾಯಿ ಆಡಿಸುತ್ತಿದ್ದರು, ಉಸಿರಿನ ಸದ್ದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ನರ್ಸ್ ಅವರ ಕೈಗೆ ಸ್ಲೇಟು ಕೊಟ್ಟು, "ಬರೀರಿ ಅಮ್ಮಾ, ನಂಗೆ ತಿಳೀತಿಲ್ಲ," ಎನ್ನುತ್ತಿದ್ದರು. ಸಾರ್ ಮಾತ್ರ ಹಾಸಿಗೆಯ ಪಕ್ಕ ಕೂತು ಏನೂ ಆಗಿಲ್ಲದವರ ಹಾಗೆ ಮಾತುಕತೆ ನಡೆಸಿದ್ದರು.

"ನೀರು ಬೇಡ್ವಂತೆ. ಈ ಹುಡುಗಿ ಯಾರು ಅಂತ ಕೇಳ್ತಿದ್ದಾಳೆ. ನಮ್ಮ ಪುಟ ಕಟ್ಟೋರು ಕಣೇ ಇವರು. ಹೌದು, ಅವರೇ, ಕಾಮಾ ಮುಟ್ಟದೋರು."

ಅಕ್ಕ ನಕ್ಕರು. ನಗುವಿಗೂ ಸದ್ದಿರಲಿಲ್ಲ. ನನ್ನ ಕಡೆ ತಿರುಗಿ ಏನೋ ಹೇಳಿದರು. ಸಾರ್ ಅದನ್ನು ನನಗೆ ಹೇಳಿದರು: "ನಿಂತುಕೊಂಡೇ ಇದೀಯಲ್ಲಮ್ಮಾ, ಕೂತ್ಕೊ ಅಂತಿದ್ದಾಳೆ."

ಒಂದು ಅಕ್ಷರವೂ ಕೇಳಿಸದ ಮಾತನ್ನು ಈ ಮನುಷ್ಯ ಹೇಗೆ ಹಿಡಿಯುತ್ತಾರೆ ಎಂದು ನನಗೆ ಬೆರಗಾಯಿತು. ಅದನ್ನು ಪ್ರೀತಿ ಎಂದುಕೊಂಡೆ. ಪ್ರೀತಿಯೂ ಹೌದು, ಅದಕ್ಕೇನು.

ಆಸ್ಪತ್ರೆಯಿಂದ ಬಂದ ಮೇಲೂ ಅಕ್ಕ ಸಂಗೀತದ ಚೌಕ ಬಿಡಲಿಲ್ಲ. ಕಿವಿ ಅವರದು ಗಟ್ಟಿಯಾಗಿಯೇ ಇತ್ತು. ಹಾಡು ಕೇಳಿ, ಬಾಯಿ ಆಡಿಸಿ ಹೇಳುವರು, ಸಾರ್ ಬರೆದುಕೊಳ್ಳುವರು. ಆ ಏಳು ತಿಂಗಳ ಬರಹ ನನ್ನ ಹತ್ತಿರ ಈಗಲೂ ಇದೆ. ಒಂದು ವಾರದ್ದು ಹೀಗಿದೆ: 'ಈ ಮುದುಕರು ಹಾಡುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಕೇಳುತ್ತಾ ಕೂತರೆ ಹಾಡು ಮುಗಿದದ್ದೇ ತಿಳಿಯುವುದಿಲ್ಲ. ಉಸಿರಿಗೂ ಒಂದು ಬೆಲೆಯಿದೆ ಎಂದು ಗೊತ್ತಿರುವವರು.' ಅದರ ಅರ್ಥ ನನಗೆ ಆಗ ಆಗಿರಲಿಲ್ಲ.

ರೋಗ ಪುಪ್ಪುಸಕ್ಕೆ ಇಳಿಯಿತು. ಕೊನೆಯ ಹತ್ತು ದಿನ ಅಕ್ಕನ ತುಟಿಗಳೂ ದಣಿದು ಸರಿಯಾಗಿ ಆಡಲಿಲ್ಲ. ಸಾರ್ ಅವರಿಗೆ ಆಗ ನಿಜಕ್ಕೂ ಏನೂ ಕೇಳಿಸದಾಯಿತು. ಒಂದು ಬೆಳಿಗ್ಗೆ ಅಕ್ಕ ಏನೋ ಹೇಳಿದರಂತೆ. ಸಾರ್, "ಇನ್ನೊಂದ್ ಸಲ ಹೇಳೇ," ಎಂದರು. ಮತ್ತೆ ಹೇಳಿದರು, ಮತ್ತೂ ತಿಳಿಯಲಿಲ್ಲ. ಮೂರನೆಯ ಸಲ ಕೇಳಿದ್ದಕ್ಕೆ ಅಕ್ಕ ಬೇಸರದಿಂದ ಕೈಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನಕ್ಕೆ ಉಸಿರು ನಿಂತಿತು. ಅದೇನು ಹೇಳಿದ್ದೆಂದು ಇಂದಿಗೂ ಅವರಿಗೆ ಗೊತ್ತಿಲ್ಲ. "ದೊಡ್ಡ ಮಾತೇನಲ್ಲಮ್ಮ. ಕಿಟಕಿ ಹಾಕಿ ಅಂತಲೋ, ಕಾಲು ಒತ್ತಿ ಅಂತಲೋ ಇರಬೇಕು," ಎಂದು ತಾವೇ ಸಮಾಧಾನ ಹೇಳಿಕೊಳ್ಳುವರು. ಸ್ವಲ್ಪ ಹೊತ್ತಾದ ಮೇಲೆ, "ಕಿಟಕಿ ಆದ್ರೂ ಹಾಕ್ತಿದ್ದೆ," ಎನ್ನುವರು.

ಒಂದು ವಾರ ಪುಟ ನಾನೇ ಮಾಡಿದೆ. ಮರುವಾರ ಸಾರ್ ಬಂದು ಕೂತರು.

ಆಮೇಲೆ ಮೂರು ವಾರ ಅವರು ಕಂಪನಿಯವರು ಕಳಿಸಿದ ಕಾಗದ ನೋಡಿ, ಹಳೆಯ ಗಾಯಕರಾದರೆ ನೆನಪಿನಿಂದ, ಹೇಗೋ ಸಂಗೀತದ ಚೌಕ ತುಂಬಿಸಿದರು. ಬರಹ ಸಪ್ಪೆಯಾಗಿತ್ತು. ಹೆಂಡತಿ ಹೋದ ದುಃಖ ಎಂದು ನಾವೆಲ್ಲ ಸುಮ್ಮನಿದ್ದೆವು. ನಾಲ್ಕನೆಯ ವಾರ ಒಂದು ಹೊಸ ತಂಡದ ಸಿ.ಡಿ. ಬಂತು. ನಾಲ್ವರು ಯುವಕರದು, ಜೊತೆಯಲ್ಲಿ ಕಾಗದ ಪತ್ರ ಏನೂ ಇಲ್ಲ, ಕಪ್ಪು ಹೊದಿಕೆ ಅಷ್ಟೇ. ಸಾರ್ ಮನೆಯಲ್ಲಿ ಅದನ್ನು ಹಾಕಿದರು. ಪ್ಲೇಯರಿನ ಮೇಲೆ ಅಂಕಿಗಳು ಓಡಿದವು: ಒಂಬತ್ತು ಹಾಡು, ನಲವತ್ತೊಂದು ನಿಮಿಷ. ಸಾರ್ ಅಂಗೈಯನ್ನು ಸ್ಪೀಕರಿನ ಬಟ್ಟೆಗೆ ಒತ್ತಿ ಹಿಡಿದು ಪೂರ್ತಿ ಕೂತರು. ಈ ಉಪಾಯವನ್ನು ಆ ತಿಂಗಳಲ್ಲೇ ಕಂಡುಕೊಂಡಿದ್ದರು. ಅಬ್ಬರದ ಹಾಡಾದರೆ ಅಂಗೈ ಜುಮ್ಮೆನ್ನುತ್ತದೆ. ಅಂದು ನಲವತ್ತೊಂದು ನಿಮಿಷವೂ ಅಂಗೈಗೆ ಏನೂ ತಾಕಲಿಲ್ಲ.

ಅವರು ಬರೆದರು: 'ಇಷ್ಟು ಮೆಲ್ಲಗೆ ಹಾಡುವ ಧೈರ್ಯ ಇತ್ತೀಚೆಗೆ ಯಾರಿಗೂ ಇರಲಿಲ್ಲ. ನಿದ್ದೆ ಹೋದ ಮಗುವಿರುವ ಮನೆಯಲ್ಲೂ ಈ ಹಾಡುಗಳನ್ನು ಹಾಕಬಹುದು.'

ಆ ಸಿ.ಡಿ. ಖಾಲಿಯಾಗಿತ್ತು. ಪತ್ರಿಕೆಗಳಿಗೆ ಕಳಿಸಿದ ಪ್ರತಿಗಳಲ್ಲೆಲ್ಲ ಏನೋ ತಪ್ಪಾಗಿ ಹಾಡಿನ ಅಂಕಿಗಳಷ್ಟೇ ಇದ್ದು ಸದ್ದೇ ದಾಖಲಾಗಿರಲಿಲ್ಲ. ಬುಧವಾರ ಬೆಳಿಗ್ಗೆ ಕಂಪನಿಯವರು ಎಲ್ಲ ಕಡೆ ಫೋನ್ ಮಾಡಿ ಕ್ಷಮೆ ಕೇಳಿದ್ದರು. ನಮ್ಮ ಸಾರ್ ಮೇಜಿನ ಫೋನಿನ ರಿಸೀವರ್ ಎಂದಿನಂತೆ ಪಕ್ಕದಲ್ಲಿ ಬಿದ್ದಿತ್ತು. ಇನ್ನು ಅಂಗಡಿಗೆ ಬಂದ ಸಿ.ಡಿ.ಯಲ್ಲಿದ್ದದ್ದು ಗೋಡೆ ಬಿರಿಯುವಂಥ ಡ್ರಮ್ಮು, ಕಿರುಚಾಟ. ಶನಿವಾರ ಬೆಳಿಗ್ಗೆ ರೇಡಿಯೋದವನೊಬ್ಬ ಸಾರ್ ಬರೆದದ್ದನ್ನು ಜೋಗುಳದ ಧಾಟಿಯಲ್ಲಿ ಓದಿ, ಬೆನ್ನಲ್ಲೇ ಆ ಹಾಡು ಹಾಕಿದ. ಊರೆಲ್ಲ ನಕ್ಕಿತು. ಬಸ್ಸಿನಲ್ಲಿ ನನ್ನ ಪಕ್ಕ ಕೂತವರೂ ನಕ್ಕರು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ನಗು ಬಂತು.

ಸೋಮವಾರ ಹತ್ತು ಗಂಟೆಗೆ ಸಂಪಾದಕರು ಕರೆದರು. ಪುಟ ಕಟ್ಟುವವಳೆಂದು ನನ್ನನ್ನೂ ಕೂರಿಸಿದರು. ಸಂಪಾದಕರು ಆ ಪುರವಣಿಯನ್ನು ಮುಖದೆದುರು ಹಿಡಿದುಕೊಂಡು ಒಂದೊಂದೇ ಸಾಲು ಓದುತ್ತಾ ಬೈಯಲು ಶುರುಮಾಡಿದರು. ಮರ್ಯಾದೆ, ನಂಬಿಕೆ, ಪತ್ರಿಕೆಯ ಮೂವತ್ತು ವರ್ಷದ ಹೆಸರು, ಎಲ್ಲ ಬಂತು. ಸಾರ್ ಮುಂದಕ್ಕೆ ಬಗ್ಗಿದರು, ಪಕ್ಕಕ್ಕೆ ವಾಲಿದರು. ಆಮೇಲೆ ನೆಟ್ಟಗೆ ಕೂತು ಹೇಳಿದರು:

"ಸಾರ್, ಪೇಪರ್ ಸ್ವಲ್ಪ ಇಳಿಸ್ತೀರಾ? ನಿಮ್ಮ ಬಾಯಿ ಕಾಣಿಸ್ತಿಲ್ಲ."

ಸಂಪಾದಕರು ತಮಾಷೆ ಎಂದುಕೊಂಡು ಕೆಂಪಾದರು. "ಏನ್ರೀ ಅದರರ್ಥ?"

"ನಂಗೆ ಕೇಳಿಸಲ್ಲ. ಐದು ವರ್ಷದ ಮೇಲಾಯ್ತು."

ಸಂಪಾದಕರು ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. ಅದುವರೆಗಿನ ಸಿಟ್ಟು ಇಳಿದು ಬೇರೊಂದು ಲೆಕ್ಕಾಚಾರ ಅವರ ಕಣ್ಣಲ್ಲಿ ಕಂಡಿತು. "ಹಾಗಾದ್ರೆ ಆ ಸಂಗೀತದ್ದೆಲ್ಲ? ಜನ ಅಷ್ಟು ಇಷ್ಟಪಟ್ಟಿದ್ದು?"

"ನನ್ನ ಹೆಂಡತಿ ಹೇಳಿದ್ದು. ಒಂದೊಂದು ಮಾತೂ ಅವಳದೇ. ನಾನು ಬರೆದುಕೊಂಡೆ ಅಷ್ಟೇ." ಸಾರ್ ಕೈ ಜೋಡಿಸಿದರು. "ನನ್ನನ್ನ ಕಳಿಸಿ, ಬೇಜಾರಿಲ್ಲ. ಆದ್ರೆ ಒಂದ್ಸಲ ಅವಳ ಹೆಸರು ಹಾಕಿ. ಈ ಬರಹ ಇಂಥವರದು ಅಂತ. ಎರಡು ಸಾಲು ಸಾಕು."

"ಇನ್ನೂ ನಗಿಸಬೇಕಾ ಊರನ್ನ?" ಎಂದರು ಸಂಪಾದಕರು. ಆಮೇಲೆ ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ, "ಆಗಲ್ಲ," ಎಂದರು. ಆ ಒಂದು ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳಬೇಕಿರಲಿಲ್ಲ.

ಸಾರ್ ಅದೇ ದಿನ ಮೇಜು ಖಾಲಿ ಮಾಡಿದರು. ಪುಟ ನನ್ನ ಪಾಲಿಗೆ ಬಂತು. ಅವರ ಮೇಜಿನ ಕೆಳಗಿನ ಖಾನೆಯಲ್ಲಿ ಸಂಗೀತದ ಚೌಕವನ್ನು ಮೆಚ್ಚಿ ಬರೆದ ಓದುಗರ ಪತ್ರಗಳ ಕಟ್ಟಿತ್ತು. ನಾನು ಅದನ್ನು ಮನೆಗೆ ಒಯ್ದು ಕೊಟ್ಟೆ. ಸಾರ್ ಒಂದೂವರೆ ತಿಂಗಳು ಕೂತು ಆ ಎಲ್ಲರಿಗೂ ಕೈಯಾರೆ ಪತ್ರ ಬರೆದರು. ನೀವು ಮೆಚ್ಚಿದ ಮಾತುಗಳು ನನ್ನವಲ್ಲ, ತೀರಿಕೊಂಡ ನನ್ನ ಹೆಂಡತಿಯವು, ನಿಮ್ಮ ಮೆಚ್ಚುಗೆಯನ್ನು ಇಷ್ಟು ದಿನ ನಾನು ಇಟ್ಟುಕೊಂಡಿದ್ದಕ್ಕೆ ಕ್ಷಮಿಸಿ ಎಂದು. ಎಷ್ಟೋ ಪತ್ರ ವಿಳಾಸ ಬದಲಾಗಿದೆ ಎಂದು ವಾಪಸ್ ಬಂದವು. ಉತ್ತರ ಬಂದದ್ದು ಎರಡೇ. ಒಬ್ಬರು ಸಂತಾಪ ಹೇಳಿದ್ದರು. ಇನ್ನೊಬ್ಬರು, ಮೋಸ ಮಾಡಿದಿರಿ, ಪತ್ರಿಕೆ ಬಿಟ್ಟಿದ್ದೇನೆ ಎಂದು ಬರೆದಿದ್ದರು. ಸಾರ್ ಎರಡನ್ನೂ ನನಗೆ ತೋರಿಸಿದರು.

ಕಿವಿಯ ಡಾಕ್ಟರಿಗೆ ಅವರನ್ನು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ನರ ಒಣಗಿದೆ ಎಂಬ ಆ ಹಳೆಯ ಮಾತನ್ನೇ ಸಾರ್ ದಾರಿಯುದ್ದಕ್ಕೂ ಹೇಳುತ್ತಿದ್ದರು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ ಯುವತಿ ಹೊರಬಂದು, "ಎಡಗಿವಿ ಹೋಗಿದೆ. ಬಲಗಿವಿಗೆ ಮಷೀನ್ ಹಾಕಿದ್ರೆ ಅರ್ಧಕ್ಕಿಂತ ಜಾಸ್ತಿ ಕೇಳಿಸುತ್ತೆ," ಎಂದಳು. ಮಷೀನ್ ಹಾಕಿದಳು. ಸಾರ್ ಮುಖ ಕಿವುಚಿದರು. ಕುರ್ಚಿ ಎಳೆದ ಸದ್ದಿಗೆ ಹೆದರಿ ಮೇಜು ಹಿಡಿದುಕೊಂಡರು.

"ಇದು ಮೊದಲೂ ಕೇಳಿಸ್ತಿತ್ತಾ? ಆವಾಗ್ಲೇ ಬಂದಿದ್ರೆ?" ಎಂದು ಕೇಳಿದರು. ಅವರ ದನಿ ಅವರಿಗೇ ಹೊಸದಾಗಿತ್ತು.

"ಓ, ಆವಾಗ ಇನ್ನೂ ಚೆನ್ನಾಗಿ ಕೇಳಿಸ್ತಿತ್ತು. ಮನೆಯವರ ಮಾತೆಲ್ಲ ಸಲೀಸಾಗಿ ಕೇಳಿಸ್ತಿತ್ತು," ಎಂದಳು ಆ ಯುವತಿ. ಪಾಪ, ಅವಳಿಗೇನು ಗೊತ್ತು.

ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಸಾರ್ ಫುಟ್‌ಪಾತಿನ ಮೇಲೆ ಒಂದು ಅಂಗಡಿಯ ಗೋಡೆಗೆ ಕೈ ಊರಿ ನಿಂತರು. ಅತ್ತರೋ ಇಲ್ಲವೋ ಹೇಳಲಾರೆ. ನಾನು ಬೇರೆ ಕಡೆ ನೋಡುತ್ತಿದ್ದೆ.

ಮಷೀನನ್ನು ಅವರು ತೆಗೆದಿಡುತ್ತಾರೆ ಎಂದುಕೊಂಡಿದ್ದೆ. ತೆಗೆದಿಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸಿಕ್ಕಿಸಿಕೊಂಡರೆ ಮಲಗುವಾಗಲೇ ತೆಗೆಯುವುದು. ಆದರೆ ಹಾಡು ಕೇಳಲು ಅಲ್ಲ. ನಾನು ಒಂದೆರಡು ಸಲ ಹೊಸ ಸಿ.ಡಿ. ಒಯ್ದೆ, ಹೊದಿಕೆ ನೋಡಿ ವಾಪಸ್ ಕೊಟ್ಟರು. ಅವರು ಕೇಳುವುದು ಜನರ ದನಿ. ಹಾಲು ತರುವವರನ್ನು ಬಾಗಿಲಲ್ಲಿ ನಿಲ್ಲಿಸಿ ಎರಡು ಮಾತು ಆಡಿಸುವರು. ಅಂಚೆಯವರನ್ನು, ಮೀಟರು ನೋಡಲು ಬಂದವರನ್ನು, ಕೆಳಗಿನ ಟೈಲರ್ ಬಳಿ ಬಟ್ಟೆ ಕೊಡಲು ಬಂದ ಹೆಂಗಸರನ್ನು ಸುಮ್ಮನೆ ಮಾತಿಗೆಳೆಯುವರು. ಕಿವಿ ಮುಂದೆ ಮಾಡಿ ಕೇಳಿ, "ನಿಮ್ಮ ಗಂಟಲು ಯಾವಾಗಿಂದ ಹೀಗಿದೆ? ಡಾಕ್ಟರಿಗೆ ತೋರಿಸಿ. ಇವತ್ತೇ ತೋರಿಸಿ," ಎನ್ನುವರು. ಕೆಲವರು ನಗುತ್ತಾರೆ, ಕೆಲವರು ರೇಗುತ್ತಾರೆ. ಗಿರಾಕಿಗಳು ಹೆದರಿ ಬರುವುದನ್ನೇ ಬಿಡುತ್ತಿದ್ದಾರೆ ಎಂದು ಟೈಲರ್ ಒಮ್ಮೆ ಜಗಳ ಆಡಿದರು. ಜಗಳದ ನಡುವೆಯೇ ಸಾರ್, "ನಿಮ್ಮ ದನಿ ಮಾತ್ರ ಗಟ್ಟಿಯಾಗಿದೆ ಕಣಮ್ಮಾ, ಚಿಂತೆ ಇಲ್ಲ," ಎಂದುಬಿಟ್ಟರು. ಆಕೆ ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಕೆಳಗಿಳಿದರು.

ಅಂಥವರಲ್ಲಿ ಯಾರಾದರೂ ನಿಜವಾಗಿ ಡಾಕ್ಟರಿಗೆ ತೋರಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಸಾರ್ ಅವರಿಗೂ ಗೊತ್ತಿಲ್ಲ.

ಪತ್ರಿಕೆ ಎರಡು ವರ್ಷದ ಮೇಲೆ ಶುಕ್ರವಾರದ ಪುರವಣಿಯನ್ನೇ ನಿಲ್ಲಿಸಿತು. ಆ ಸುದ್ದಿ ಹೇಳಲು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ವಾರವೆಲ್ಲ ಧೂಳಿನಲ್ಲಿ ಓಡಾಡಿ ನನಗೆ ಸಣ್ಣ ಶೀತವಾಗಿತ್ತು. ಸಾರ್ ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದರು.

"ನಿನ್ನ ದನಿ ಕಟ್ಟಿದೆ," ಎಂದರು.

"ಶೀತ ಸಾರ್. ಮೂರು ದಿನ ಆಯ್ತು ಅಷ್ಟೇ."

"ಮೂರು ದಿನ," ಎಂದು ಅವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. "ಇನ್ನೊಂದು ವಾರ ನೋಡೋಣ. ಮುಂದಿನ ಭಾನುವಾರ ಬಂದು ಮಾತಾಡಿ ಹೋಗಮ್ಮ. ಮರೀಬೇಡ."

ಶೀತ ಬುಧವಾರಕ್ಕೇ ಬಿಟ್ಟಿತು. ಭಾನುವಾರ ಹೋಗಿ ಮಾತಾಡಿ ಬಂದೆ.